ನಮ್ಮ ಹಾಜರಿ ಪುಸ್ತಕವನ್ನು ಬೇರೆಯಾಗಿಯೇ ಇಟ್ಟವರಿಗೆ

ಎಲ್ಲರಿಗೂ ನಮಸ್ಕಾರ.

ಡಿಸೆಂಬರ್ 8ರ ಸೋಮವಾರ ನಮ್ಮ 23 ಮಕ್ಕಳೂ ನಮ್ಮ ಶಾಲೆಯ ಅಂಗಳದಲ್ಲೇ ಸಾಲಾಗಿ ನಿಂತು ಪ್ರಾರ್ಥನೆ ಹೇಳಿದರು. ಅವರೆಲ್ಲ ಹಾಗೆ ಒಟ್ಟಿಗೆ ನಿಂತು ಪಾಠಕ್ಕೆ ಹೋಗಿ ನಾಲ್ಕು ತಿಂಗಳ ಮೇಲಾಗಿತ್ತು. ಅದೇ ವಾರ ನಮ್ಮ ಕ್ಲಸ್ಟರ್‌ನ ಸುದ್ದಿ ಹಾಳೆಯ 50ನೇ ಸಂಚಿಕೆ ಬಂತು. ಈ ಎರಡಕ್ಕೂ ಸಂಬಂಧ ಇದೆ. ಅದನ್ನು ಹೇಳದೆ ಸುಮ್ನೆ ‘ಎಲ್ಲರಿಗೂ ಧನ್ಯವಾದ’ ಅಂತ ಒಂದು ಸಾಲು ಹಾಕಿ ಮುಗಿಸಲು ಮನಸ್ಸಾಗಲಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಹೊರಗಿನವರಿಗಾಗಿ ಎರಡು ಮಾತು. ಒಂದು ಸುತ್ತಿನಲ್ಲಿರುವ ಸರ್ಕಾರಿ ಶಾಲೆಗಳನ್ನು ಸೇರಿಸಿ ಕ್ಲಸ್ಟರ್ ಅಂತಾರೆ, ಅವುಗಳನ್ನು ನೋಡಿಕೊಳ್ಳಲು ಒಬ್ಬ ಸಿಆರ್‌ಪಿ ಇರುತ್ತಾರೆ. ನಮ್ಮದರಲ್ಲಿ ಒಂಬತ್ತು ಶಾಲೆ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಆಚೆ ಈಚೆ, ಗುಡ್ಡದ ಮೇಲೊಂದು, ತೋಟದ ಬದಿಗೊಂದು ಅಂತ ಚದುರಿಕೊಂಡಿವೆ. ಕಾನೂನಿನ ಪ್ರಕಾರ ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ 1 ಕಿಲೋಮೀಟರ್ ಒಳಗೆ, ಆರರಿಂದ ಎಂಟಕ್ಕೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ನಮ್ಮ ಕಡೆ ಆ ಒಂದು ಕಿಲೋಮೀಟರಿನಲ್ಲೇ ಒಂದು ಹಾಡ್ಯ (ಸಣ್ಣ ಕಾಡು) ದಾಟಬೇಕು, ಒಂದು ಸಂಕ (ಹಳ್ಳದ ಕಾಲುಸೇತುವೆ) ದಾಟಬೇಕು, ಮಳೆಗಾಲದಲ್ಲಿ ಕಾಲಿಗೆ ಹತ್ತಿದ ಉಂಬಳ ಕಿತ್ತು ಹಾಕಿಕೊಳ್ಳುತ್ತಾ ನಡೆಯಬೇಕು. ಹಾಗಾಗಿ ಇಲ್ಲಿ ಒಂದು ಸಣ್ಣ ಶಾಲೆ ಮುಚ್ಚಿತು ಅಂದ್ರೆ ದೊಡ್ಡ ಮಕ್ಕಳು ಹೇಗೋ ಬೇರೆ ಶಾಲೆಗೆ ಹೋಗ್ತಾರೆ. ಒಂದನೇ ಕ್ಲಾಸಿನವರು ಮನೆಯಲ್ಲೇ ಉಳೀತಾರೆ.

ಜುಲೈ ಕೊನೆಯ ವಾರ, ಪುಷ್ಯ ಮಳೆ. ಆ ದಿನ ಮಳೆ ರಜೆ ಕೊಟ್ಟಿದ್ದರು. ಆ ರಜೆ ಕೊಟ್ಟವರಿಗೆ ನನ್ನ ಮೊದಲ ನಮಸ್ಕಾರ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಗಾಳಿ ಬೀಸಿ ಶಾಲೆಯ ಹಿಂದಿನ ಹಳೇ ಮಾವಿನ ಮರ ಬುಡಸಮೇತ ಕಿತ್ತು ನಲಿಕಲಿ ಕೋಣೆಯ ಮಾಡಿನ ಮೇಲೆ ಬಿತ್ತು. ರಜೆ ಇಲ್ಲದಿದ್ದರೆ ಆ ಹೊತ್ತಿಗೆ ಒಂದರಿಂದ ಮೂರನೇ ಕ್ಲಾಸಿನ ಒಂಬತ್ತು ಮಕ್ಕಳು ಅಲ್ಲಿ ನೆಲದ ಮೇಲೆ ಸುತ್ತ ಕೂತಿರುತ್ತಿದ್ದರು. ಇದನ್ನು ಬರೆಯುವಾಗಲೂ ನನ್ನ ಕೈ ತಣ್ಣಗಾಗುತ್ತದೆ.

ನಾನು ಹೋಗಿ ನೋಡಿದಾಗ ತೊಲೆ ಮುರಿದು ಕೆಳಗೆ ಬಂದಿತ್ತು, ರೀಪುಗಳು ಕಡ್ಡಿ ಮುರಿದ ಹಾಗೆ ಮುರಿದಿದ್ದವು, ಪಕ್ಕದ ಕೋಣೆಯ ಗೋಡೆಯೂ ಸೀಳಿತ್ತು. ನಲಿಕಲಿ ಕೋಣೆ ನೋಡಿದವರಿಗೆ ಕಲಿಕಾ ಚಪ್ಪರ ಗೊತ್ತಿರುತ್ತದೆ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳು ಬರೆದ ಚಿತ್ರ, ಅಕ್ಷರ, ಬಣ್ಣದ ಕಾಗದ ಎಲ್ಲ ನೇತು ಹಾಕಿರುತ್ತೇವೆ. ಆ ದಾರಗಳಲ್ಲಿ ಕೆಲವು ಹರಿಯದೆ ಹಾಗೇ ಇದ್ದವು. ಮೇಲಿಂದ ಬಿದ್ದ ಹಂಚಿನ ಚೂರುಗಳು ಆ ದಾರದ ಬಲೆಯಲ್ಲಿ ಸಿಕ್ಕಿಕೊಂಡು, ಮಕ್ಕಳ ಚಿತ್ರಗಳ ನಡುವೆ ತೂಗಾಡುತ್ತಿದ್ದವು. ಒಂದು ಚಿತ್ರದಲ್ಲಿ ಸೂರ್ಯನ ಹಳದಿ ಬಣ್ಣ ನೀರಿಗೆ ಇಳಿದು ಪೂರ್ತಿ ಕಾಗದಕ್ಕೆ ಹರಡಿತ್ತು. ನಾನು ಅದನ್ನು ನೋಡುತ್ತಾ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ.

ಯಾರೂ ಫೋನ್ ಮಾಡಿ ಕರೆಯಲಿಲ್ಲ. ನೆಟ್‌ವರ್ಕೂ ಇರಲಿಲ್ಲ, ಕರೆಂಟು ಹೋಗಿ ಮೂರು ದಿನ ಆಗಿತ್ತು. ಆದರೂ ಮಧ್ಯಾಹ್ನದೊಳಗೆ ಹದಿನೈದು ಜನ ಬಂದಿದ್ದರು. ಅವರಲ್ಲಿ ಇಬ್ಬರು ಕೊನೆಗಾರರು. ಅಡಿಕೆ ಮರದಿಂದ ಮರಕ್ಕೆ ದಾಟುವವರು ಅವರು, ಒದ್ದೆ ಹಂಚಿನ ಮೇಲೆ ಬರಿಗಾಲಲ್ಲಿ ಹೋಗಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಕೊಂಬೆ ಒಂದೊಂದೇ ಕಡಿದು ಇಳಿಸಿ, ಸಂಜೆಯೊಳಗೆ ಉಳಿದ ಮಾಡಿನ ಮೇಲೆ ಟಾರ್ಪಾಲು ಹಾಕಿ ಕೊಟ್ಟರು. ಕೂಲಿ ಕೇಳಲಿಲ್ಲ. ಕೊಡಲು ಹೋದರೆ ‘ನಾವೂ ಇಲ್ಲೇ ಓದಿದ್ದು ಟೀಚರೇ’ ಅಂದರು. ಅಷ್ಟೇ ಅಂದಿದ್ದು. ಅಣ್ಣಂದಿರೇ, ಆ ಟಾರ್ಪಾಲು ಹಾಕದೇ ಇದ್ದಿದ್ದರೆ ನಮ್ಮ ಪುಸ್ತಕದ ಕಪಾಟು, ದಾಖಲೆ ಪತ್ರ ಯಾವುದೂ ಉಳಿಯುತ್ತಿರಲಿಲ್ಲ.

ಮಕ್ಕಳನ್ನು ಎಲ್ಲಿ ಕೂರಿಸುವುದು ಅನ್ನೋ ಪ್ರಶ್ನೆಗೆ ಊರಿನವರೇ ಉತ್ತರ ಹುಡುಕಿದರು. ಚಿಕ್ಕವರು ಒಂಬತ್ತು ಜನ ಊರಿನ ಭಜನಾ ಮಂದಿರದಲ್ಲಿ, ನನ್ನ ಜೊತೆ. ನಾಲ್ಕರಿಂದ ಏಳರವರೆಗಿನ 14 ಮಕ್ಕಳು ನಮ್ಮ ಸಹ ಶಿಕ್ಷಕರ ಜೊತೆ 3 ಕಿಲೋಮೀಟರ್ ಆಚೆಯ ರಸ್ತೆ ಬದಿ ಶಾಲೆಗೆ. ಅವರನ್ನು ದಿನಾ ಜೀಪಿನಲ್ಲಿ ಕರೆದುಕೊಂಡು ಹೋಗಿ ಬಂದ ಅಪ್ಪ ಒಬ್ಬರಿದ್ದಾರೆ. ಡೀಸೆಲ್ ಖರ್ಚು ಬಿಟ್ಟು ಒಂದು ಪೈಸೆ ತೆಗೆದುಕೊಂಡಿಲ್ಲ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವ ದಿನವೂ ತೋಟದ ಕೆಲಸ ಬಿಟ್ಟು ಬಂದಿದ್ದಾರೆ.

ಈಗ ಹಾಜರಿ ಪುಸ್ತಕದ ವಿಷಯ. ನಾನು ಮುಖ್ಯವಾಗಿ ಬರೆಯಬೇಕು ಅಂದುಕೊಂಡದ್ದು ಇದೇ.

ಮರ ಬಿದ್ದ ಮರುವಾರವೇ ನನಗೆ ಬಂದ ಸಲಹೆ ಏನು ಗೊತ್ತಾ? ‘14 ಮಕ್ಕಳಿಗೂ ಟಿಸಿ ಕೊಟ್ಟು ಅಲ್ಲಿಗೇ ಸೇರಿಸಿಬಿಡಿ, 23 ಮಕ್ಕಳಿಗಾಗಿ ಯಾಕೆ ಇಷ್ಟು ಒದ್ದಾಟ.’ ಹೇಳಿದವರು ಯಾರು ಅನ್ನೋದು ಬೇಡ, ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ. ಆದರೆ ಟಿಸಿ ಕೊಟ್ಟು, ಇಲಾಖೆಯವರು ಮಕ್ಕಳ ದಾಖಲೆ ಇಡುವ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ನಲ್ಲಿ ಶಾಲೆಯ ಹೆಸರು ಬದಲಾಯಿತು ಅಂದ್ರೆ ನಮ್ಮ ಶಾಲೆಯಲ್ಲಿ ಉಳಿಯೋದು ಒಂಬತ್ತು ಮಕ್ಕಳು. ಆಮೇಲೆ ಮಾಡು ರಿಪೇರಿ ಮಾಡಿ ಅಂತ ಯಾವ ಬಾಯಿಂದ ಕೇಳೋದು? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ರಸ್ತೆ ಬದಿ ಶಾಲೆಯ ಹೆಡ್ ಮಾಸ್ಟರಿಗೆ ಆ ಹದಿನಾಲ್ಕು ಹೆಸರು ಸಿಕ್ಕಿದ್ದರೆ ತುಂಬಾ ಅನುಕೂಲವಾಗುತ್ತಿತ್ತು. ನಮ್ಮಲ್ಲಿ ಶಿಕ್ಷಕರ ಹುದ್ದೆ ನಿಂತಿರೋದೇ ಮಕ್ಕಳ ತಲೆ ಎಣಿಕೆಯ ಮೇಲೆ. ಮಕ್ಕಳು ಕಡಿಮೆಯಾದರೆ ಒಬ್ಬ ಶಿಕ್ಷಕರು ‘ಹೆಚ್ಚುವರಿ’ ಅಂತಾಗಿ ಬೇರೆ ಕಡೆ ಹೋಗಬೇಕಾಗುತ್ತದೆ. ಅವರ ಶಾಲೆಗೂ ಆ ಭಯ ಎರಡು ವರ್ಷದಿಂದ ಇದೆ, ನನಗೆ ಗೊತ್ತು. ಆದರೆ ನಮ್ಮ ಮಕ್ಕಳು ಹೋದ ಮೊದಲ ದಿನವೇ ಅವರು ನಮ್ಮ ಸಹ ಶಿಕ್ಷಕರ ಕೈಯಿಂದ ನಮ್ಮ ಹಾಜರಿ ಪುಸ್ತಕ ಇಸಿದುಕೊಂಡು, ತಮ್ಮ ಮೇಜಿನ ಮೇಲೆ ತಮ್ಮ ಪುಸ್ತಕದ ಪಕ್ಕದಲ್ಲಿ ಇಟ್ಟು, ‘ಇದು ಬೇರೆ, ಇದು ಬೇರೆ. ಒಂದಾಗಬಾರದು’ ಅಂದರಂತೆ. ಅಲ್ಲಿಂದ ಪ್ರತಿ ದಿನ ಬೆಳಿಗ್ಗೆ ಎರಡು ಸಲ ಹಾಜರಿ. ಮೊದಲು ಅವರ ಮಕ್ಕಳದ್ದು, ಆಮೇಲೆ ನಮ್ಮ ಶಾಲೆಯ ಹೆಸರು ಹೇಳಿ ನಮ್ಮ ಮಕ್ಕಳದ್ದು. ಮಕ್ಕಳ ಹಾಡು, ಕಥೆ ಸ್ಪರ್ಧೆಗಳ ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿ ಅವರ ಶಾಲೆಯಲ್ಲೇ ನಡೆಯಿತು. ನಮ್ಮ ಐದನೇ ಕ್ಲಾಸಿನ ಹುಡುಗಿ ಕಥೆ ಹೇಳುವುದರಲ್ಲಿ ಎರಡನೇ ಬಹುಮಾನ ಪಡೆದಾಗ ಮೈಕಿನಲ್ಲಿ ನಮ್ಮ ಶಾಲೆಯ ಹೆಸರನ್ನು ಅವರು ಬಿಡಿಸಿ ಬಿಡಿಸಿ, ಎರಡು ಸಲ ಹೇಳಿದರು. ನಾನು ಹಿಂದಿನ ಸಾಲಿನಲ್ಲಿದ್ದೆ. ಸರ್, ಅವತ್ತು ನಿಮ್ಮ ಎದುರಿಗೆ ಬಂದು ಒಂದು ಮಾತು ಆಡಲೂ ನನಗೆ ಆಗಲಿಲ್ಲ. ಈಗ ಎಲ್ಲರ ಎದುರು ಹೇಳುತ್ತಿದ್ದೇನೆ. ನಮ್ಮ ಶಾಲೆ ಉಳಿದದ್ದು ನೀವು ಬೇಡ ಅಂದ ಆ 14 ಹೆಸರುಗಳಿಂದ.

ಆ ಶಾಲೆಯ ಅಡುಗೆ ಅಕ್ಕನನ್ನು ಹೇಗೆ ಮರೆಯೋದು. ಐದನೇ ಕ್ಲಾಸಿನವರೆಗೆ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, ಆರರಿಂದ 150 ಗ್ರಾಂ. ನಮ್ಮ 14 ಮಕ್ಕಳ ಲೆಕ್ಕಕ್ಕೆ ದಿನಕ್ಕೆ 1 ಕಿಲೋ 700 ಗ್ರಾಂ. ಅಕ್ಕಿ ನಮ್ಮಲ್ಲಿಂದಲೇ ಹೋಗುತ್ತಿತ್ತು, ಆದರೆ ಬೇಯಿಸುವ ಕೈ ಅವರದ್ದು ತಾನೇ. ನಮ್ಮ ಮಕ್ಕಳಲ್ಲಿ ಯಾರು ಮೊಟ್ಟೆ ತಿನ್ನುತ್ತಾರೆ, ಯಾರಿಗೆ ಬಾಳೆಹಣ್ಣು, ಯಾರು ಸಾರಿನಲ್ಲಿ ಮೆಣಸಿನಕಾಯಿ ಬಂದರೆ ಅಳುತ್ತಾರೆ ಅನ್ನೋದು ಎರಡೇ ದಿನದಲ್ಲಿ ಅವರಿಗೆ ಬಾಯಿಪಾಠ ಆಗಿತ್ತು. ಈ ಕಡೆ ಊರಲ್ಲಿ ನಮ್ಮ ಅಡುಗೆ ಅಕ್ಕ, 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಶುರುವಾದ ದಿನದಿಂದ ಹಾಲು ಕಾಯಿಸುತ್ತಾ ಬಂದವರು, ಒಂಬತ್ತು ಮಕ್ಕಳ ಹಾಲನ್ನು ಮಳೆಯಲ್ಲಿ ಮುಚ್ಚಿಕೊಂಡು ಮಂದಿರಕ್ಕೆ ತರುತ್ತಿದ್ದರು. ತಾವು ನೆಂದರೂ ಹಾಲಿಗೆ ಒಂದು ಹನಿ ನೀರು ಬೀಳಲು ಬಿಡಲಿಲ್ಲ.

ಈಗ ಸುದ್ದಿ ಹಾಳೆಗೆ ಬರುತ್ತೇನೆ.

2020ರಲ್ಲಿ ಶಾಲೆಗಳೆಲ್ಲ ಮುಚ್ಚಿ, ವಿದ್ಯಾಗಮ ಅಂತ ನಾವು ಜಗಲಿ, ಮರದ ಬುಡ, ದೇವಸ್ಥಾನದ ಕಟ್ಟೆ ಅಂತ ಹೋಗಿ ಪಾಠ ಮಾಡುತ್ತಿದ್ದೆವು, ನೆನಪಿದೆಯಾ? ಮಕ್ಕಳು ಒಬ್ಬರನ್ನೊಬ್ಬರು ನೋಡದೆ ಬೇಜಾರಾಗಿದ್ದರು. ಆಗ ಶುರುವಾದದ್ದು ಇದು. ಪ್ರತಿ ಶಾಲೆಯ ಮಕ್ಕಳು ಕೈಯಲ್ಲಿ ಒಂದು ಪುಟ ಬರೆಯೋದು, ಸಿಆರ್‌ಪಿ ಸರ್ ಒಟ್ಟು ಮಾಡಿ ತೀರ್ಥಹಳ್ಳಿಯಲ್ಲಿ ಜೆರಾಕ್ಸ್ ಮಾಡಿಸಿ ಒಂಬತ್ತು ಶಾಲೆಗೂ ಕಳಿಸೋದು. ಸಭೆ ಇದ್ದರೆ ಸಭೆಯಲ್ಲಿ, ಇಲ್ಲವಾದರೆ ಬಸ್ಸಿನಲ್ಲಿ. ಕಂಡಕ್ಟರ್ ಅಣ್ಣ ಆ ಕಟ್ಟನ್ನು ಡ್ರೈವರ್ ಸೀಟಿನ ಹಿಂದೆ ಇಟ್ಟುಕೊಂಡು ಒಂದೊಂದು ಸ್ಟಾಪಿನಲ್ಲಿ ಒಂದೊಂದು ಕೊಟ್ಟು ಹೋಗುತ್ತಾರೆ. ಐದು ವರ್ಷದಲ್ಲಿ ಒಂದು ಕಟ್ಟೂ ಕಳೆದಿಲ್ಲ.

ಅದರಲ್ಲಿ ಬರುವ ಸುದ್ದಿ ಎಂಥದ್ದು? ‘ನಮ್ಮ ಬಾವಿಗೆ ಹೊಸ ರಾಟೆ ಬಂತು.’ ‘ಎರಡನೇ ಕ್ಲಾಸಿನವನ ಹಲ್ಲು ಬಿತ್ತು, ಅವನು ಅತ್ತಿಲ್ಲ.’ ‘ಮೊನ್ನೆ ಆಟದ ಬಯಲಿಗೆ ಕಾಡುಕೋಣ ಬಂದಿತ್ತು, ಆಟದ ಪೀರಿಯಡ್ ಒಳಗೇ ಆಯಿತು.’ ಇಂಥವೇ. ಮೊದಮೊದಲು ನಾನೂ, ಇದಕ್ಕೆ ಇಷ್ಟು ಕಾಗದ ಯಾಕೆ ಅಂದುಕೊಂಡಿದ್ದೆ. ಆಗಸ್ಟ್ ಸಂಚಿಕೆಗೆ ನಮ್ಮ ಏಳನೇ ಕ್ಲಾಸಿನ ಹುಡುಗಿ ಬರೆದದ್ದು ನಾಲ್ಕೇ ಸಾಲು: ‘ನಮ್ಮ ಶಾಲೆಯ ಮಾವಿನ ಮರ ಬಿದ್ದಿದೆ. ಅದು ಸಿಹಿ ಹಣ್ಣಿನ ಮರ. ಕಲಿಕಾ ಚಪ್ಪರ ಪೂರ್ತಿ ಹಾಳಾಗಿದೆ. ಬೋರ್ಡು ಹಾಳಾಗಿಲ್ಲ.’

ಹತ್ತು ದಿನದಲ್ಲಿ ಎಂಟು ಶಾಲೆಗಳಿಂದ ಎಂಟು ಕವರ್ ಬಂದವು, ಅದೇ ಬಸ್ಸಿನಲ್ಲಿ. ಒಳಗೆ ಮಕ್ಕಳು ಬರೆದ ಚಿತ್ರಗಳು. ಒಬ್ಬರನ್ನೂ ನಾವು ಕೇಳಿರಲಿಲ್ಲ. ಒಂದು ಶಾಲೆಯವರು ಚಿತ್ರಗಳಿಗೆ ತೂತು ಮಾಡಿ ದಾರವನ್ನೂ ಪೋಣಿಸಿಯೇ ಕಳಿಸಿದ್ದರು, ನಮಗೆ ಕಟ್ಟುವ ಕೆಲಸ ಮಾತ್ರ. ತುಂಬಾ ಜನ ಮಾವಿನ ಮರವನ್ನೇ ಬರೆದಿದ್ದರು, ನೆಟ್ಟಗೆ ನಿಂತಿದ್ದ ಮರ, ಅದರ ತುಂಬ ಹಣ್ಣು. ಮಂದಿರದಲ್ಲಿ ಕಂಬದಿಂದ ಕಂಬಕ್ಕೆ ದಾರ ಕಟ್ಟಿ ಎಲ್ಲ ನೇತು ಹಾಕಿದೆವು. ಒಂದನೇ ಕ್ಲಾಸಿನ ಹುಡುಗ ಅಂಗಾತ ಮಲಗಿ ಅದನ್ನೇ ನೋಡುತ್ತಿದ್ದ. ಪಾಠ ಶುರು ಮಾಡಲು ಅವತ್ತು ನನಗೂ ಅವಸರ ಇರಲಿಲ್ಲ.

ಆ ನಾಲ್ಕು ಸಾಲಿನ ಫೋಟೋವನ್ನು ಯಾರೋ ವಾಟ್ಸಾಪಿಗೆ ಹಾಕಿ, ಅದು ಬೆಂಗಳೂರು, ಶಿವಮೊಗ್ಗ, ಮಂಗಳೂರಿನಲ್ಲಿರುವ ನಮ್ಮ ಹಳೇ ವಿದ್ಯಾರ್ಥಿಗಳಿಗೆ ತಲುಪಿತು. ದುಡ್ಡಿನ ಲೆಕ್ಕವನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಓದಿ ಗೋಡೆಗೆ ಅಂಟಿಸಿದ್ದೇವೆ, ಇಲ್ಲಿ ಮತ್ತೆ ಬರೆಯೋದಿಲ್ಲ. ಪ್ರಕೃತಿ ವಿಕೋಪದ ಅನುದಾನ, ಪಂಚಾಯಿತಿಯ ಪಾಲು, ಉಳಿದದ್ದು ನಿಮ್ಮದು. ಹಳೇ ಮನೆ ಕಳಚಿ ತಾರಸಿ ಹಾಕಿಸುತ್ತಿದ್ದ ಒಂದು ಮನೆಯವರು ತಮ್ಮ ಮಂಗಳೂರು ಹಂಚನ್ನೆಲ್ಲ ಕೊಟ್ಟರು. ಹಂಚು ಹಳೆಯದಾದರೂ ಗಟ್ಟಿ, ಬೆರಳಲ್ಲಿ ತಟ್ಟಿದರೆ ಗಂಟೆ ಬಾರಿಸಿದ ಹಾಗೆ ಕೇಳುತ್ತದೆ. ದಸರಾ ರಜೆ ಸರ್ಕಾರದ ಜಾತಿ ಸಮೀಕ್ಷೆಗಾಗಿ ಅಕ್ಟೋಬರ್ 18ರವರೆಗೆ ಮುಂದುವರಿಯಿತಲ್ಲ, ನಾವು ಶಿಕ್ಷಕರು ಮನೆ ಮನೆ ಸುತ್ತುತ್ತಿದ್ದಾಗ ಇಲ್ಲಿ ಬಡಗಿ ಆಚಾರ್ರು ತೊಲೆ ಏರಿಸುತ್ತಿದ್ದರು. ನಡುವೆ ಮಳೆ ಬಂದು ಕೆಲಸ ನಿಂತದ್ದೂ ಇದೆ, ಗೋಡೆ ಒಣಗಲು ಕಾದದ್ದೂ ಇದೆ. ಆಚಾರ್ರು ಒಂದು ದಿನವೂ ಗೊಣಗಲಿಲ್ಲ.

ಕೊನೆಗೆ ಅಪ್ಪ ಅಮ್ಮಂದಿರಿಗೆ. ಖಾಸಗಿ ಶಾಲೆಯ ವ್ಯಾನು ಮನೆ ಬಾಗಿಲಿಗೇ ಬರುವ ಕಾಲ ಇದು. ಮಾಡು ಬಿದ್ದ ಶಾಲೆಯಿಂದ ಮಕ್ಕಳನ್ನು ಬಿಡಿಸಿದ್ದರೆ ನಿಮ್ಮನ್ನು ಯಾರೂ ತಪ್ಪು ಅನ್ನುತ್ತಿರಲಿಲ್ಲ, ನಾನಂತೂ ಅನ್ನುತ್ತಿರಲಿಲ್ಲ. ಪ್ರತಿ ಸೋಮವಾರ ಯಾರಾದರೂ ಟಿಸಿ ಕೇಳಲು ಬರುತ್ತಾರೇನೋ ಅಂತ ನಾನು ಬಾಗಿಲ ಕಡೆ ನೋಡುತ್ತಿದ್ದೆ. ಒಬ್ಬರೂ ಬರಲಿಲ್ಲ. ಜುಲೈನಲ್ಲಿ 23, ಡಿಸೆಂಬರಿನಲ್ಲೂ 23.

50ನೇ ಸಂಚಿಕೆಯಲ್ಲಿ ನಮ್ಮ ಪುಟ ಬರೆದದ್ದು ಮೂರನೇ ಕ್ಲಾಸಿನವರು, ಅವರೇ ಹಟ ಮಾಡಿ ತೆಗೆದುಕೊಂಡರು. ‘ನಾವು ಶಾಲೆಗೆ ಬಂದೆವು. ಹೊಸ ಮಾಡು ಇದೆ. ಮರದ ಜಾಗದಲ್ಲಿ ಬಿಸಿಲು ಬರುತ್ತದೆ. ಎಲ್ಲರೂ ಬನ್ನಿ.’ ಎಳ್ಳಮಾವಾಸ್ಯೆ ಜಾತ್ರೆಗೆ ತೀರ್ಥಹಳ್ಳಿಗೆ ಬರುವವರು ಒಂದು ಗಳಿಗೆ ಈ ಕಡೆಯೂ ಬಂದು ಹೋಗಿ.

ರಸ್ತೆ ಬದಿ ಶಾಲೆಯವರಿಗೆ ಇನ್ನೊಂದು ಮಾತು ಬಾಕಿ ಇದೆ. ನಮ್ಮ ತಟ್ಟೆಗಳೆಲ್ಲ ಮರದಡಿ ನಜ್ಜುಗುಜ್ಜಾದಾಗ ಚಿಕ್ಕ ಮಕ್ಕಳಿಗೆ ಅಂತ ನೀವು ಕೊಟ್ಟ ಒಂಬತ್ತು ಸ್ಟೀಲ್ ತಟ್ಟೆ, ನಿಮ್ಮ ಶಾಲೆಯ ಹೆಸರು ಚುಕ್ಕಿಯಲ್ಲಿ ಕೊರೆಸಿದ್ದು, ಇನ್ನೂ ನಮ್ಮಲ್ಲಿವೆ. ನಮ್ಮ ಅಕ್ಕ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದಿಟ್ಟಿದ್ದಾರೆ. ಖಾಲಿ ತಟ್ಟೆ ವಾಪಸ್ ಕೊಡಬಾರದು ಅಂತ ಮಕ್ಕಳ ಮನೆಗಳಿಂದ ಹಲಸಿನ ಹಪ್ಪಳ ಬಂದಿದೆ, ಒಂಬತ್ತೂ ತಟ್ಟೆ ತುಂಬುವಷ್ಟು. ಶನಿವಾರದ ಸಭೆಗೆ ಬರುವಾಗ ತರುತ್ತೇನೆ.