ಶೇಂಗಾ ಇಲ್ಲದ ಒಗ್ಗರಣೆ ಮಾಡಿಸಿಕೊಟ್ಟ ಅಕ್ಕನಿಗೆ

ಶನಿವಾರ ಬೆಳಿಗ್ಗೆ ಬಳ್ಳಾರಿಯ ರಾಯಲ್ ಸರ್ಕಲ್ ಹತ್ತಿರ, ಮಂಡಕ್ಕಿ ಒಗ್ಗರಣೆ-ಮಿರ್ಚಿ ಅಂಗಡಿಯಲ್ಲಿ ಸಿಕ್ಕ ಅಕ್ಕ, ನಿಮಗೆ ತುಂಬಾ ಥ್ಯಾಂಕ್ಸ್. ಹೆಸರು ಕೇಳುವಷ್ಟರಲ್ಲಿ ನೀವು ಹೊರಟುಬಿಟ್ಟಿರಿ.

ಊರಿಂದ ಬಂದ ಗೆಳತಿಯರಿಗೆ ಎರಡು ದಿನ ಇಲ್ಲಿನ ಬೇಕರಿ, ಖಾನಾವಳಿ ಎಲ್ಲಾ ತೋರಿಸುವ ಆಸೆ ನನಗೆ. ಆದರೆ ಅವರಲ್ಲಿ ಒಬ್ಬಳಿಗೆ ಶೇಂಗಾ ಆಗುವುದೇ ಇಲ್ಲ, ಗಂಟಲು ಊದಿಕೊಳ್ಳುತ್ತದೆ. ನಮ್ಮ ಕಡೆ ಶೇಂಗಾ ಎಲ್ಲಿಲ್ಲ ಹೇಳಿ? ಒಗ್ಗರಣೆಯಲ್ಲಿ ಕಾಳು, ಜೋಳದ ರೊಟ್ಟಿ ಜೊತೆ ಚಟ್ನಿಪುಡಿ, ಎಣ್ಣೆಗಾಯಿ ಮಸಾಲೆಯಲ್ಲೂ ಅದೇ. ಅವಳು ಸುಮ್ನೆ ಟೀ ಹಿಡಿದು ನಿಂತಿದ್ದಳು.

"ನನ್ನ ಮಗನಿಗೂ ಹಿಂಗೇ ಐತ್ರಿ" ಅಂತ ನೀವೇ ಒಳಗೆ ಹೋದಿರಿ. ಬೇರೆ ಬಾಣಲೆ ತೊಳೆಸಿದಿರಿ. ಎಣ್ಣೆ ಯಾವುದು ಅಂತ ಡಬ್ಬ ತರಿಸಿ ನೋಡಿದಿರಿ. ಮಂಡಕ್ಕಿ ನೆನೆಸಿ, ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ, ಮೇಲೆ ಪುಟಾಣಿ ಪುಡಿ ಉದುರಿಸುವವರೆಗೂ ಪಕ್ಕದಲ್ಲೇ ನಿಂತಿದ್ದಿರಿ. ಅಂಗಡಿಯ ಮಾಮೂಲಿ ಬಾಣಲೆಯ ಎಣ್ಣೆಯಲ್ಲೇ ಕರಿಯುತ್ತಾರೆ ಅಂತ ಮಿರ್ಚಿ ಮಾತ್ರ ಬೇಡ ಅಂದಿರಿ. ಅಷ್ಟು ಯೋಚನೆ ನಮಗೇ ಬಂದಿರಲಿಲ್ಲ.

ಬೇಕರಿಯಲ್ಲಿ ಬಿಸ್ಕತ್ತಿಗಿಂತ ಮೊದಲು ಟ್ರೇಗೆ ಶೇಂಗಾ ತಾಗಿದೆಯಾ ಅಂತ ಕೇಳಿ ಅಂದಿದ್ದಿರಲ್ಲ, ಹಾಗೇ ಕೇಳಿದೆವು. ಖಾರಾ ಬನ್ ಸಿಕ್ಕಿತು. ಖಾನಾವಳಿಯಲ್ಲಿ ರೊಟ್ಟಿ, ಹೆಸರುಕಾಳು ಪಲ್ಯ, ಮೊಸರು. ಯಾವ ತೊಂದರೆಯೂ ಆಗಲಿಲ್ಲ. ಅವಳಿಗೆ ಜಾಸ್ತಿ ಇಷ್ಟವಾಗಿದ್ದು ಮಾತ್ರ ಆ ಒಗ್ಗರಣೆಯೇ, ಅಕ್ಕ. ನಿಮ್ಮ ಮಗನಿಗೂ ನಮ್ಮೆಲ್ಲರ ಪ್ರೀತಿ ತಿಳಿಸಿ.