ಸಮವಸ್ತ್ರದ ಬಟ್ಟೆ ಆರಿಸುವ ಮುನ್ನ

ಪ್ರೀತಿಯ ಗೆಳೆಯನಿಗೆ ಕಲಬುರಗಿಯಿಂದ ನಮಸ್ಕಾರಗಳು.

ಯಾದಗಿರಿಯ ನಿಮ್ಮ ಶಾಲೆಯಲ್ಲಿ ಬರುವ ಜೂನ್‌ನಿಂದ ಟೈ ಮತ್ತು ಬ್ಲೇಜರ್ ಕಡ್ಡಾಯ ಮಾಡುವ ಮಾತು ಎದ್ದಿದೆ ಎಂದು ಬರೆದು, ನನ್ನ ಅಭಿಪ್ರಾಯ ಕೇಳಿದ್ದೀ.

ಅದರಿಂದ ಶಾಲೆಗೆ ಘನತೆ ಬರುತ್ತದೆ ಎನ್ನುವವರಿಗೆ, ಸಮವಸ್ತ್ರ ಹುಟ್ಟಿದ್ದೇ ಬಡಮಕ್ಕಳಿಗಾಗಿ ಎಂದು ಮೊದಲು ತಿಳಿಸು. ಲಂಡನ್ನಿನಲ್ಲಿ 1552ರಲ್ಲಿ ಆರಂಭವಾದ ಕ್ರೈಸ್ಟ್ಸ್ ಹಾಸ್ಪಿಟಲ್ ಶಾಲೆಯ ಉದ್ದನೆಯ ನೀಲಿ ಕೋಟು, ಧರ್ಮದ ಅನ್ನ ಉಂಡು ಓದುವ ಮಕ್ಕಳ ಗುರುತಾಗಿತ್ತು. ಸಿರಿವಂತರ ಶಾಲೆಗಳು ಸಮವಸ್ತ್ರವನ್ನು ಹೆಮ್ಮೆಯ ಸಂಗತಿಯಾಗಿಸಿದ್ದು 19ನೆಯ ಶತಮಾನದಲ್ಲಿ. 1846ರಲ್ಲಿ ವಿಕ್ಟೋರಿಯಾ ರಾಣಿಯ ಮಗನಿಗೆ ನಾವಿಕರ ಉಡುಪು ತೊಡಿಸಿ ಚಿತ್ರ ಬರೆಸಿದ ಮೇಲೆ ಆ ಉಡುಪು ಮಕ್ಕಳ ಫ್ಯಾಶನ್ ಆಗಿ ಹಬ್ಬಿ, 1920ರ ದಶಕದಲ್ಲಿ ಜಪಾನಿನ ಹೆಣ್ಣುಮಕ್ಕಳ ಶಾಲೆಗಳನ್ನೂ ಹೊಕ್ಕಿತು. ಹಡಗು ಹತ್ತದ ಮಕ್ಕಳಿಗೂ ನಾವಿಕರ ಕಾಲರ್!

ನಮ್ಮ ಭಾಗದಲ್ಲೂ ಉಡುಪು ಆಳುವವರ ಜೊತೆಗೇ ಬದಲಾಯಿತು. ನಿಜಾಮರ ಕಾಲದ ಶೇರ್ವಾನಿ, ಗೊಂಡೆಯಿರುವ ಕೆಂಪು ರೂಮಿ ಟೊಪ್ಪಿಗೆಗಳು 1948ರ ನಂತರ ಮರೆಯಾದವು. ಹುಡುಗಿಯರ ಪರಕಾರ-ಪೋಲ್ಕಾದ, ಅಂದರೆ ಲಂಗ-ರವಿಕೆಯ, ಜಾಗಕ್ಕೆ ಸ್ಕರ್ಟ್, ಆಮೇಲೆ ಚೂಡಿದಾರ ಬಂದವು. ಆದರೆ ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಟೆರಿಕಾಟ್ ಬಟ್ಟೆ ಎಂಬುದು ನನ್ನ ಎಣಿಕೆ. ಇಂಗ್ಲೆಂಡಿನಲ್ಲಿ 1941ರಲ್ಲಿ ಕಂಡುಹಿಡಿದ ಪಾಲಿಯೆಸ್ಟರ್ ನೂಲನ್ನು ಹತ್ತಿಯೊಂದಿಗೆ ಬೆರೆಸಿದ ಈ ಬಟ್ಟೆ ರಾತ್ರಿ ಒಗೆದು ಹಾಕಿದರೆ ಬೆಳಗಿಗೆ ಒಣಗುತ್ತಿತ್ತು, ಇಸ್ತ್ರಿ ಬೇಡುತ್ತಿರಲಿಲ್ಲ, ಬೇಗ ಹರಿಯುತ್ತಿರಲಿಲ್ಲ. "ಬೆಳೆಯೋ ಹುಡುಗ, ಸ್ವಲ್ಪ ದೊಡ್ಡದೇ ಹೊಲಿಯಪ್ಪಾ" ಎಂದು ಸಿಂಪಿಗನಿಗೆ ಹೇಳುತ್ತಿದ್ದ ನಮ್ಮ ತಾಯಂದಿರಿಗೆ ಇನ್ನೇನು ಬೇಕಿತ್ತು? ಚಡ್ಡಿಯ ಅಂಚಿನ ಒಳಮಡಿಕೆಯನ್ನು ವರ್ಷಕ್ಕೊಮ್ಮೆ ಬಿಚ್ಚಿದಾಗ, ಬಿಸಿಲು ಕಾಣದ ಆ ಪಟ್ಟಿ ಮಾತ್ರ ಕಡುನೀಲಿಯಾಗಿ ಉಳಿದು ನಮ್ಮ ವಯಸ್ಸನ್ನು ಊರಿಗೆಲ್ಲ ಸಾರುತ್ತಿತ್ತು.

ಆ ಬಟ್ಟೆಯ ದೋಷವೂ ಅದರ ಗುಣದಲ್ಲೇ ಇದೆ. ಹತ್ತಿ ಗಾಳಿಯಿಂದ ತನ್ನ ತೂಕದ ಸುಮಾರು ಶೇ. 8ರಷ್ಟು ತೇವವನ್ನು ಹೀರಿಕೊಂಡರೆ, ಪಾಲಿಯೆಸ್ಟರ್ ಹೀರುವುದು ಶೇ. 0.4ರಷ್ಟು ಮಾತ್ರ, ಬೇಗ ಒಣಗುವುದಕ್ಕೂ, ಬೆವರಿದಾಗ ಮೈಗೆ ಅಂಟುವುದಕ್ಕೂ ಇದೇ ಕಾರಣ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಗಳಲ್ಲಿ ಅದರ ಮೇಲೆ ಟೈ ಬಿಗಿಯುವುದು ನನಗೆ ಸರಿಕಾಣದು.

ಆದ್ದರಿಂದ ಮುಂದಿನ ಸಭೆಯಲ್ಲಿ ಬ್ಲೇಜರ್ ಕೈಬಿಡಿಸಿ, ಹತ್ತಿಯ ಪಾಲು ಹೆಚ್ಚಿರುವ ಬಟ್ಟೆಗೆ ಒಪ್ಪಿಸು. ಯಾವುದೋ ಒಂದೇ ಅಂಗಡಿಯ ಸಿದ್ಧ ಉಡುಪನ್ನು ಹೇರದೆ, ಊರಿನ ಸಿಂಪಿಗರಿಂದಲೇ ಹೊಲಿಸಲು ಅವಕಾಶ ಕೊಡಿ. ಅಂಚಿನಲ್ಲಿ ನಾಲ್ಕು ಬೆರಳು ಒಳಮಡಿಕೆ ಇರಲಿ. ಬಟ್ಟೆಯ ಮಾದರಿ ತುಂಡುಗಳು ಬಂದರೆ ಕಳಿಸು, ನೋಡಿ ತಿಳಿಸುತ್ತೇನೆ.

ಇಂತಿ ನಿನ್ನ ಗೆಳೆಯ