ಕಾಣೆಯಾದ ಪೈಲಟ್‌ಗಳ ಬಂಧುಗಳ ಡಿಎನ್‌ಎ ಸಂಗ್ರಹಿಸಿ

ಮಾನ್ಯರೇ,

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧ ವಾಯುನೆಲೆಯ ಮೇಲೆ ನಡೆದ ದಾಳಿಯಿಂದ ಮರಳಲಿಲ್ಲ. ತಮ್ಮ ಮಿಸ್ಟೇರ್ ವಿಮಾನದಿಂದ ಅವರು ಶತ್ರುವಿನ ಸ್ಟಾರ್‌ಫೈಟರನ್ನು ಉರುಳಿಸಿದ್ದರೆಂಬುದು ಖಚಿತವಾಗಿ ಮರಣೋತ್ತರ ಮಹಾವೀರ ಚಕ್ರ ಸಂದದ್ದು 1988ರಲ್ಲಿ. ಗೌರವವೇನೋ ತಡವಾಗಿಯಾದರೂ ಬಂತು, ಪಾರ್ಥಿವ ಶರೀರ ಮಾತ್ರ ತವರಿಗೆ ಬರಲಿಲ್ಲ.

ಕಾಲ ಕಳೆದರೆ ಹುಡುಕಾಟ ವ್ಯರ್ಥವೆಂಬುದು ಸರಿಯಲ್ಲ. 1968ರಲ್ಲಿ ರೋಹ್ತಾಂಗ್ ಬಳಿ 102 ಮಂದಿಯೊಂದಿಗೆ ಕಣ್ಮರೆಯಾದ ವಾಯುಪಡೆಯ ಎಎನ್-12 ವಿಮಾನದಲ್ಲಿದ್ದ ನಾಲ್ವರ ಶವಗಳು 2024ರಲ್ಲಿ ದೊರೆತವು. ಎರಡನೇ ಮಹಾಯುದ್ಧದಲ್ಲಿ ಅರುಣಾಚಲದ ಬೆಟ್ಟಗಳಲ್ಲಿ ಬಿದ್ದ ತನ್ನ ವಿಮಾನಗಳಿಗಾಗಿ ಅಮೆರಿಕ ನಮ್ಮಲ್ಲಿಗೇ ಬಂದು ಶೋಧಿಸುತ್ತಿದ್ದು, ಈ ಕೆಲಸದಲ್ಲಿ ನಮ್ಮ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯವೂ ಕೈಜೋಡಿಸಿದೆ. ಅನ್ಯರ ಯೋಧರಿಗೆ ಒದಗುವ ಪರಿಣತಿ ನಮ್ಮವರಿಗೇಕೆ ಒದಗಬಾರದು?

ಯುದ್ಧವಿಮಾನ ಅಪ್ಪಳಿಸಿದಲ್ಲಿ ಹೆಚ್ಚಾಗಿ ಉಳಿಯುವುದು ಮೂಳೆಯ ಚೂರು, ಹಲ್ಲು ಮತ್ತು ಕ್ರಮಸಂಖ್ಯೆಯಿರುವ ಎಂಜಿನ್ ಭಾಗಗಳು. ಹಳೆಯ ಮೂಳೆಯಲ್ಲೂ ಸಿಗಬಹುದಾದ ಮೈಟೊಕಾಂಡ್ರಿಯ ಡಿಎನ್‌ಎ ತಾಯಿಯಿಂದಲೇ ಬರುವುದರಿಂದ, ಅದನ್ನು ಹೋಲಿಸಲು ಪೈಲಟ್‌ನ ಮಕ್ಕಳ ಮಾದರಿಗಿಂತ ಒಡಹುಟ್ಟಿದವರ ಅಥವಾ ಸಹೋದರಿಯ ಮಕ್ಕಳ ಮಾದರಿಯೇ ಬೇಕು. ಆ ಒಡಹುಟ್ಟಿದವರಲ್ಲಿ ಬದುಕಿರುವವರು ಈಗ ಎಂಬತ್ತರ ಆಸುಪಾಸಿನವರು.

ಗಡಿಯಾಚೆ ಅಗೆಯುವುದಕ್ಕೆ ನೆರೆದೇಶದ ಒಪ್ಪಿಗೆ ಬೇಕು, ಅದು ಸದ್ಯಕ್ಕೆ ದೂರದ ಮಾತು. ಮಾದರಿ ಸಂಗ್ರಹಕ್ಕಾದರೋ ಬಂಧುಗಳ ಸಮ್ಮತಿ ಸಾಕು. ವಾಯುಪಡೆಯ ತರಬೇತಿ ಕಮಾಂಡ್‌ನ ಕೇಂದ್ರ ಕಚೇರಿಯಿರುವ ಬೆಂಗಳೂರಿನಿಂದಲೇ ರಕ್ಷಣಾ ಸಚಿವಾಲಯ ಇದನ್ನು ಆರಂಭಿಸಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಓದುಗ,
ಮಲ್ಲೇಶ್ವರ, ಬೆಂಗಳೂರು